ಆತಕೂರಿನ ಕಲ್ಲು ಮತ್ತು ಬೇಟೆಯ ಪಾಪ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಆತಕೂರಿನ ಶಾಸನವೆಂದು ಪ್ರಸಿದ್ಧವಾದ ಕಲ್ಲೊಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಈ ಕಲ್ಲು ಶಕವರ್ಷ 872ರದು, ಎಂದರೆ ಕ್ರಿ.ಶ. 949-50ರದು. ಅದರ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಕಾದುತ್ತಿರುವ ಚಿತ್ರವನ್ನು ಕಂಡರಿಸಿದ್ದಾರೆ. ಇತಿಹಾಸಜ್ಞರು ಈ ಶಾಸನವನ್ನು ಮುಖ್ಯವಾಗಿ ತಕ್ಕೋಲದ ಯುದ್ಧಕ್ಕಾಗಿ ಉಲ್ಲೇಖಿಸುತ್ತಾರೆ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದಾಗ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದು, ಅದಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳನ್ನು ಕೊಟ್ಟುದು ಇದರಿಂದ ತಿಳಿಯುತ್ತದೆ. ಆದರೆ ಕಲ್ಲನ್ನು ನೆಟ್ಟುದು ಯುದ್ಧದ ನೆನಪಿಗಲ್ಲ. ಒಂದು ನಾಯಿಯ ನೆನಪಿಗೆ.

ಬೂತುಗನ ಕೈಕೆಳಗೆ ಮಣಲೆರನೆಂಬ ವೀರನಿದ್ದನು. ಯುದ್ಧದಲ್ಲಿ ಅವನು ತೋರಿದ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು ‘ಬೇಕಾದುದನ್ನು ಬೇಡು’ ಎಂದಾಗ, ಮಣಲೆರನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ, ಅರಸನ ಬಳಿಯಿದ್ದ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ದಿಣ್ಣೆಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಇದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಟ್ಟು, ಕೆರೆಯ ಕೆಳಗೆ ಎರಡು ಕಂಡುಗ ಗದ್ದೆಯನ್ನು ಬಿಟ್ಟರು. ಪೂಜೆಗೆ ಒಬ್ಬ ಗೊರವನನ್ನು ನೇಮಿಸಿದರು. ಸಾವಿರದ ಎಪ್ಪತ್ತು ವರ್ಷಗಳ ಹಿಂದೆ ಒಂದು ನಾಯಿಗೆ ನಿತ್ಯಪೂಜೆ, ಅದಕ್ಕೆ ಭೂಮಿಯ ಉತ್ಪತ್ತಿ! ಕನ್ನಡ ನಾಡಿನ ಔದಾರ್ಯಕ್ಕೆ ಇದನ್ನೊಂದು ಉದಾಹರಣೆಯಾಗಿ ನಾವು ಕೊಡುವುದುಂಟು. ಕೊಡಬೇಕಾದುದೇ.

ಆದರೆ ಶಾಸನದ ಕೊನೆಯ ಭಾಗವನ್ನು ಗಮನಿಸಿದವರು ಕಡಮೆ. ದಾನಶಾಸನಗಳ ಅಂತ್ಯದಲ್ಲಿ ಶಾಪಾಶಯ ಬರುವುದು ವಾಡಿಕೆ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನೂ ಬ್ರಾಹ್ಮಣರನ್ನೂ ಕೊಂದ ಪಾಪಕ್ಕೆ ಹೋಗಲಿ ಎಂಬ ಮಾತು ನೂರಾರು ಕಲ್ಲುಗಳಲ್ಲಿದೆ. ಆತಕೂರಿನ ಕಲ್ಲಿನಲ್ಲಿ ಮಾತು ಬೇರೆ. ಈ ಕಲ್ಲನ್ನು ಪೂಜಿಸದೆ ಗೊರವನು ಉಂಡರೆ, ಆ ನಾಯಿ ಗೈದ ಪಾಪವು ಅವನಿಗೆ ತಟ್ಟುತ್ತದೆ ಎಂದು ಅದು ಹೇಳುತ್ತದೆ.

ನಾಯಿ ಗೈದ ಪಾಪ! ಯಾವ ಬೇಟೆಯನ್ನು ಕೀರ್ತಿಸಲು ಕಲ್ಲು ನೆಡಲಾಯಿತೋ ಆ ಬೇಟೆ ಪಾಪವೆಂಬುದನ್ನು ಆ ಕಲ್ಲೇ ಒಪ್ಪಿಕೊಂಡಿದೆ. ಬರೆಸಿದವರ ಮನಸ್ಸಿನಲ್ಲಿ ಸಂಶಯವಿರಲಿಲ್ಲ. ಇದ್ದಿದ್ದರೆ ಆ ಮಾತನ್ನು ಶಾಪವಾಗಿ ಬಳಸಲು ಸಾಧ್ಯವೇ ಇರಲಿಲ್ಲ. ವಾಣಿಜ್ಯಶಾಸ್ತ್ರ ಓದಿ, ಜೀವಮಾನವೆಲ್ಲ ಖಾತೆ ಕೀರ್ದಿಗಳ ನಡುವೆ ಕಳೆದ ನನಗೆ ಇಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಈ ಪಾಪವನ್ನು ಯಾರ ಖಾತೆಗೆ ಬರೆಯಲಾಗಿದೆ? ನಾಯಿಯನ್ನು ಕೊಟ್ಟವನು ಅರಸ. ಹಂದಿಯ ಮೇಲೆ ಅದನ್ನು ಬಿಟ್ಟವನು ಮಣಲೆರ. ಪಾಪ ಮಾತ್ರ ಕಾಳಿಯ ಹೆಸರಿಗೆ! ಪೂಜೆ ತಪ್ಪಿದ ದಿನ ಅದು ಗೊರವನ ಹೆಸರಿಗೆ ವರ್ಗವಾಗುತ್ತದೆ. ಅರಸನ ಖಾತೆಯೂ ಮಣಲೆರನ ಖಾತೆಯೂ ಶುದ್ಧ.

ಜೈನ ಆಚಾರಶಾಸ್ತ್ರವು ಇಂತಹ ವರ್ಗಾವಣೆಯನ್ನು ಒಪ್ಪುವುದಿಲ್ಲ. ಕೃತ, ಕಾರಿತ, ಅನುಮೋದಿತ, ಅಂದರೆ ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು, ಈ ಮೂರೂ ಕರ್ತೃತ್ವದ ಪ್ರಕಾರಗಳೇ. ಬೇಟೆಯನ್ನು ನಮ್ಮ ಗ್ರಂಥಗಳು ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಕಳವು, ಪರದಾರಗಮನಗಳೊಡನೆ ಸಪ್ತವ್ಯಸನಗಳಲ್ಲಿ ಎಣಿಸಿವೆ. ಇವನ್ನು ಬಿಡುವುದು ಶ್ರಾವಕನಾಗುವ ಮೊದಲ ಮೆಟ್ಟಿಲು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇನ್ನೂ ಸೂಕ್ಷ್ಮಕ್ಕೆ ಇಳಿದು ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ‘ಹಿಂಸಾದಾನ’ವನ್ನು, ಎಂದರೆ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರಿಗೆ ಕೊಡುವುದನ್ನು, ಅದರಲ್ಲಿ ಸೇರಿಸುತ್ತದೆ. ಕತ್ತಿ, ಕೊಡಲಿ, ಬೆಂಕಿ, ವಿಷ, ಸಂಕೋಲೆಗಳು ಇದರ ಉದಾಹರಣೆಗಳು. ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನೂ ಕೆಲವು ಗ್ರಂಥಗಳು ಇದರಲ್ಲಿಯೇ ಹೇಳುತ್ತವೆ. ಆ ದೃಷ್ಟಿಯಿಂದ ಬೂತುಗನು ಮಣಲೆರನಿಗೆ ಕಾಳಿಯನ್ನು ಕೊಟ್ಟುದು ಹಿಂಸಾದಾನ. ಬಿಟ್ಟುದು ಕಾರಿತ. ಕಲ್ಲು ನೆಟ್ಟುದು ಅನುಮೋದನೆ. ಕಾಳಿಯ ಪಾಲಿಗೆ ಉಳಿಯುವುದು ಒಡೆಯನ ಮಾತನ್ನು ಕೇಳಿದುದಷ್ಟೆ.

ಇದನ್ನು ಬೂತುಗನು ಅರಿಯದವನೆಂದು ಹೇಳುವಂತಿಲ್ಲ. ಗಂಗರದು ಜಿನಧರ್ಮಕ್ಕೆ ಆಶ್ರಯವಿತ್ತ ಮನೆತನ. ಅವನ ಅಕ್ಕ ಪಾಂಬಬ್ಬೆಯು ಕೇಶಲೋಚ ಮಾಡಿಕೊಂಡು ಮೂವತ್ತು ವರ್ಷ ತಪವನ್ನಾಚರಿಸಿ 971ರಲ್ಲಿ ಮುಡಿಪಿದಳೆಂದು ಕಡೂರಿನ ಶಾಸನ ಹೇಳುತ್ತದೆ. ಲೆಕ್ಕ ಹಾಕಿದರೆ ಆಕೆ ದೀಕ್ಷೆ ಪಡೆದುದು ಸುಮಾರು 941ರಲ್ಲಿ. ಅದೇ ವರ್ಷ ಪಂಪನು ಆದಿಪುರಾಣವನ್ನು ಮುಗಿಸಿದನು. ಹೀಗೆ ಕಾಳಿ ಹಂದಿಯ ಮೇಲೆ ಹಾಯ್ದ ದಿನಗಳಲ್ಲಿ ಅದನ್ನು ಕೊಟ್ಟ ಅರಸನ ಒಡಹುಟ್ಟಿದವಳು ಎಂಟೊಂಬತ್ತು ವರ್ಷಗಳಿಂದ ಅಹಿಂಸಾ ಮಹಾವ್ರತದಲ್ಲಿದ್ದಳು. ಬೂತುಗನ ಮಗ ಮಾರಸಿಂಹನು ಲೆಕ್ಕವಿಲ್ಲದಷ್ಟು ಯುದ್ಧಗಳನ್ನು ಮಾಡಿ ಕಡೆಗೆ 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಒಂದೇ ಮನೆಯಲ್ಲಿ ಪಿಂಛಿಯೂ ಇತ್ತು, ಬೇಟೆನಾಯಿಯೂ ಇತ್ತು. ನಮ್ಮ ಪೂರ್ವಿಕರೆಲ್ಲ ದಯಾಮೂರ್ತಿಗಳಾಗಿದ್ದರೆಂದು ಭಾಷಣ ಮಾಡುವವರು ಈ ಕಲ್ಲನ್ನು ಒಮ್ಮೆ ನೋಡಿಬರುವುದು ಒಳ್ಳೆಯದು.

ಸಾಯುವ ನಾಯಿಯನ್ನು ಗೌರವಿಸುವ ಇನ್ನೊಂದು ರೀತಿಯೂ ನಮ್ಮ ಪರಂಪರೆಯಲ್ಲಿದೆ. ಜೀವಂಧರನು ಹೊಡೆತ ತಿಂದು ಪ್ರಾಣ ಬಿಡುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರಿದನೆಂದೂ, ಆ ಜೀವವು ಯಕ್ಷನಾಗಿ ಹುಟ್ಟಿ ಅವನಿಗೆ ಉಪಕಾರಿಯಾಯಿತೆಂದೂ ಕಥೆ. 1424ರಲ್ಲಿ ಭಾಸ್ಕರ ಕವಿಯು ಈ ಚರಿತೆಯನ್ನು ಕನ್ನಡಕ್ಕೆ ತಂದನು. ಆ ನಾಯಿ ಯಾರನ್ನೂ ಕೊಲ್ಲಬೇಕಾಗಲಿಲ್ಲ.

ಇನ್ನು ನಮ್ಮ ನಗರದ ವಿಷಯ. ಬೆಂಗಳೂರಿನ ಹುಟ್ಟಿನ ಬಗ್ಗೆ ಜನರ ಬಾಯಲ್ಲಿರುವ ಎರಡು ಐತಿಹ್ಯಗಳೂ ಬೇಟೆಯ ಕಥೆಗಳೇ ಎಂಬುದು ಗಮನಾರ್ಹ. ಕೆಂಪೇಗೌಡರು ಬೇಟೆಗೆ ಹೋದಾಗ ಮೊಲವೊಂದು ತಿರುಗಿಬಿದ್ದು ನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತು, ಇದು ಗಂಡುಭೂಮಿಯೆಂದು ತಿಳಿದು ಅಲ್ಲಿ ಕೋಟೆ ಕಟ್ಟಿದರು ಎಂಬುದು ಒಂದು. ಇದೇ ಕಥೆಯನ್ನು ವಿಜಯನಗರಕ್ಕೂ ಹೇಳುತ್ತಾರೆ. ದೂರದ ಅಹಮದಾಬಾದಿಗೂ ಹೇಳುತ್ತಾರೆ. ಹೊಯ್ಸಳ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿ ಹಸಿದು ಬಂದಾಗ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬುದು ಇನ್ನೊಂದು. ಈ ಎರಡನೆಯದು ಇತಿಹಾಸವಲ್ಲವೆಂದು ಬೇಗೂರಿನ ವೀರಗಲ್ಲು ಸಿದ್ಧಪಡಿಸಿದೆ. ಬಲ್ಲಾಳನು ಹುಟ್ಟುವುದಕ್ಕೂ ಎರಡು ಶತಮಾನಗಳ ಹಿಂದೆಯೇ, ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ಆ ಕಲ್ಲು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಐತಿಹ್ಯ ಸುಳ್ಳಾದರೂ ಅದನ್ನು ಕಟ್ಟಿದ ಜನರ ಮನಸ್ಸು ಸುಳ್ಳಲ್ಲ. ಒಂದರಲ್ಲಿ ಬೇಟೆಗೆ ಗುರಿಯಾದ ಪ್ರಾಣಿಯೇ ಎದುರು ನಿಲ್ಲುತ್ತದೆ. ಇನ್ನೊಂದರಲ್ಲಿ ಬೇಟೆಗಾರನು ಏನನ್ನೂ ಕೊಲ್ಲದೆ, ಬಡವಳೊಬ್ಬಳ ಮನೆಯ ಕಾಳು ತಿಂದು ಜೀವ ಉಳಿಸಿಕೊಳ್ಳುತ್ತಾನೆ.

ವೀರಬಲ್ಲಾಳನ ಹೆಸರು ಬಂದುದರಿಂದ ಅವನ ಮನೆತನದ ಲಾಂಛನವನ್ನೂ ಅವನ ಆಸ್ಥಾನದ ಕಾವ್ಯವನ್ನೂ ಒಟ್ಟಿಗೆ ನೋಡಬೇಕು. ಸೊಸೆವೂರಿನ, ಎಂದರೆ ಇಂದಿನ ಅಂಗಡಿಯ, ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಜೈನಮುನಿಗಳ ಬಳಿ ಸಳನಿದ್ದಾಗ ಹುಲಿಯೊಂದು ಮೇಲೆ ಬಿತ್ತೆಂದೂ, ಮುನಿಯು ‘ಪೊಯ್ ಸಳ’ ಎಂದನೆಂದೂ, ಸಳನು ಅದನ್ನು ಹೊಯ್ದನೆಂದೂ ಕಥೆ. ಮುನಿಯ ಹೆಸರು ಸುದತ್ತ. ಈ ಕಥೆ ಶಾಸನಗಳಲ್ಲಿ ಕಾಣುವುದು ವಿಷ್ಣುವರ್ಧನನ ಕಾಲದಿಂದ. ಹುಲಿ ಚೋಳರ ಲಾಂಛನವಾದುದರಿಂದ 1116ರ ತಲಕಾಡಿನ ವಿಜಯದ ಸಂಕೇತವಾಗಿ ಇದು ಹುಟ್ಟಿತೆಂದು ಹೇಳುವ ವಿದ್ವಾಂಸರಿದ್ದಾರೆ. ಅದೇನೇ ಇರಲಿ, ಪಂಚಮಹಾವ್ರತಧಾರಿಯಾದ ಮುನಿಯೊಬ್ಬನು ಹೊಡೆಯೆಂದು ಹೇಳಬಹುದೇ ಎಂಬ ಪ್ರಶ್ನೆ ನಮ್ಮ ಯುವಕರು ಪದೇ ಪದೇ ಕೇಳುವಂಥದು. ಗೃಹಸ್ಥನ ಹಿಂಸೆಯನ್ನು ಶಾಸ್ತ್ರವು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದೆ. ಅಡಿಗೆ, ಕಸಗುಡಿಸುವುದು ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭೀ. ಬೇಸಾಯ ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಗೆ, ಆಶ್ರಿತರ ರಕ್ಷಣೆಗೆ ಎದುರಿಸುವಾಗ ಆಗುವುದು ವಿರೋಧೀ. ಇವು ಮೂರೂ ಗೃಹಸ್ಥನಿಗೆ ಪೂರ್ಣವಾಗಿ ತಪ್ಪಿದ್ದಲ್ಲ, ಕಡಮೆ ಮಾಡಿಕೊಳ್ಳಬೇಕಾದವು. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆ ಮಾತ್ರ ಎಂದಿಗೂ ಸಲ್ಲದು. ಸಳನದು ವಿರೋಧೀ ಎಂಬುದು ಸಾಮಾನ್ಯವಾಗಿ ಕೊಡುವ ಸಮಾಧಾನ. ಸಳನ ಮಟ್ಟಿಗೆ ಅದು ಸರಿ. ಮುನಿಯ ಮಟ್ಟಿಗೆ ಅದು ಸಾಲದೆಂದು ನನಗೆ ಅನ್ನಿಸುತ್ತದೆ. ಏಕೆಂದರೆ ವಿರೋಧೀ ಹಿಂಸೆಯ ರಿಯಾಯಿತಿ ಗೃಹಸ್ಥನಿಗೆ ಮಾತ್ರ, ಮಹಾವ್ರತಿಗಿಲ್ಲ.

ಇದಕ್ಕೆ ಉತ್ತರವೋ ಎಂಬಂತೆ ಇನ್ನೊಬ್ಬ ಸುದತ್ತನನ್ನು ಅದೇ ಹೊಯ್ಸಳ ಆಸ್ಥಾನವೇ ನಮಗೆ ಕೊಟ್ಟಿದೆ. 1209ರಲ್ಲಿ ವೀರಬಲ್ಲಾಳನ ಕವಿಯಾದ ಜನ್ನನು ಯಶೋಧರಚರಿತೆಯನ್ನು ಬರೆದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರ ಅಲೆಯುವ ಕಥೆ ವಾಚಕರಿಗೆ ತಿಳಿದದ್ದೇ. ಆದರೆ ಇದನ್ನು ಬೇಟೆಯ ಕಾವ್ಯವೆಂದು ನಾವು ಓದಿಲ್ಲ. ಓದಿ ನೋಡಬೇಕು. ತಾಯಿ ಮೊದಲು ನಾಯಿಯಾಗಿ ಹುಟ್ಟುತ್ತಾಳೆ, ಮಗ ನವಿಲಾಗಿ. ಇಬ್ಬರೂ ಅರಸನಿಗೆ ಕಾಣಿಕೆಯಾಗಿ ಬರುತ್ತಾರೆ. ಅರಸನು ಯಶೋಧರನ ಮಗನಾದ ಯಶೋಮತಿಯೇ. ನಾಯಿಯು ನವಿಲನ್ನು ಕೊಲ್ಲುತ್ತದೆ. ಮುಂದೆ ಮಗನ ಜೀವ ಮೀನಾಗಿ, ತಾಯಿಯದು ಮೊಸಳೆಯಾಗಿ ಸಿಪ್ರಾ ನದಿಯಲ್ಲಿರುವಾಗ ಅರಸನ ಆಜ್ಞೆಯಂತೆ ಬಲೆ ಬೀಸಿ ಅವುಗಳನ್ನು ಹಿಡಿಯುತ್ತಾರೆ. ಮೀನು ತನ್ನ ಮಗನ ಅರಮನೆಯಲ್ಲಿಯೇ ಅಡಿಗೆಯಾಗುತ್ತದೆ. ಕಡೆಗೆ ಕೋಳಿಗಳಾಗಿ ಕೂಗಿದಾಗ, ಯಶೋಮತಿಯು ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸುವ ಚಪಲಕ್ಕೆ ದನಿ ಬಂದೆಡೆಗೆ ಬಾಣ ಬಿಟ್ಟು ಎರಡನ್ನೂ ಕೊಲ್ಲುತ್ತಾನೆ. ಹಸಿವಿಗಲ್ಲ, ಭಯಕ್ಕಲ್ಲ, ಗುರಿಯ ಜಾಣ್ಮೆಗೆ! ಬೇಟೆಯ ಮನಶ್ಶಾಸ್ತ್ರವನ್ನು ಇದಕ್ಕಿಂತ ಚಿಕ್ಕದಾಗಿ ಹೇಳಿದ ಕಥೆಯನ್ನು ನಾನು ಕಂಡಿಲ್ಲ. ಆತಕೂರಿನ ಕಲ್ಲಿನಲ್ಲಿ ಹಂದಿಗೆ ಹೆಸರಿಲ್ಲ. ಜನ್ನನ ಕಥೆಯಲ್ಲಿ ಸತ್ತ ಪ್ರತಿಯೊಂದು ಪ್ರಾಣಿಗೂ ಹೆಸರಿದೆ, ಹಿಂದಿನ ಜನ್ಮವಿದೆ, ಕೊಂದವನೊಡನೆ ರಕ್ತಸಂಬಂಧವಿದೆ.

ಅದೇ ಯಶೋಮತಿಯು ಬೇಟೆಗೆ ಹೊರಟಾಗ ದಾರಿಯಲ್ಲಿ ಸುದತ್ತಾಚಾರ್ಯರನ್ನು ಕಂಡು, ಬತ್ತಲೆ ಮುನಿಯ ದರ್ಶನ ಬೇಟೆಗೆ ಅಪಶಕುನವೆಂದು ಕೆರಳಿ ತನ್ನ ಬೇಟೆನಾಯಿಗಳನ್ನು ಅವರ ಮೇಲೆ ಛೂ ಬಿಡುತ್ತಾನೆ. ನಾಯಿಗಳು ಕಚ್ಚದೆ ತಲೆಬಾಗಿ ನಿಲ್ಲುತ್ತವೆ. ಅರಸನು ಕತ್ತಿಯನ್ನೇ ಹಿರಿದಾಗ ಅಡ್ಡಬಂದವನು ಕಲ್ಯಾಣಮಿತ್ರನೆಂಬ ಗೆಳೆಯ. ಅವನು ಮಂತ್ರಿಯಲ್ಲ, ಪುರೋಹಿತನಲ್ಲ, ಒಬ್ಬ ವ್ಯಾಪಾರಿ. ಈ ಮುನಿ ಹಿಂದೆ ಕಳಿಂಗದ ಅರಸನಾಗಿದ್ದವನೆಂದು ತಿಳಿಸಿ ಯಶೋಮತಿಯ ಕೈ ತಡೆದವನು ಅವನೇ. ನಮ್ಮ ವರ್ಗದವರು ಕಾವ್ಯಗಳಲ್ಲಿ ಸಾಮಾನ್ಯವಾಗಿ ಹಡಗಿನ ಸರಕು ಎಣಿಸಲು ಮಾತ್ರ ಬರುತ್ತಾರಾದ್ದರಿಂದ ಇವನ ಹೆಸರನ್ನು ಎತ್ತಿ ಹೇಳುವುದು ಆತ್ಮಪ್ರಶಂಸೆಯಾಗದೆಂದು ನಂಬುತ್ತೇನೆ. ಒಬ್ಬ ಸುದತ್ತನು ಹುಲಿಯನ್ನು ಹೊಯ್ಯೆಂದನು, ಇನ್ನೊಬ್ಬನು ನಾಯಿಗಳ ಮುಂದೆ ಮೌನವಾಗಿ ನಿಂತನು. ಯಶೋಧರನ ಕಥೆ ಜನ್ನನಿಗಿಂತ ಹಳೆಯದಾದುದರಿಂದ ಹೆಸರು ಒಂದೇ ಆದುದು ಕಾಕತಾಳೀಯವಿರಬಹುದು. ಆದರೆ ಸಳನ ಲಾಂಛನ ಹೊತ್ತ ಅರಮನೆಯಲ್ಲಿ ಕುಳಿತು ಕಾವ್ಯವನ್ನು ಕೇಳಿದವರಿಗೆ ಆ ಹೆಸರು ಕಿವಿಗೆ ಬೀಳದೆ ಇರಲಾರದು.

ಬೇಟೆಯನ್ನು ಸಮರ್ಥಿಸಿದವರು ಸಾಮಾನ್ಯರಲ್ಲ. ಕೌಟಿಲ್ಯನು ಅದನ್ನು ವ್ಯಸನವೆಂದು ಎಣಿಸಿದರೂ, ಜೂಜಿಗಿಂತ ಬೇಟೆಯೇ ವಾಸಿ. ಅದರಿಂದ ಮೈಗೆ ವ್ಯಾಯಾಮ, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸ, ಪ್ರಾಣಿಗಳ ಮನಸ್ಸಿನ ತಿಳಿವಳಿಕೆ ಬರುತ್ತದೆ ಎಂದು ವಾದಿಸಿದ್ದಾನೆ. ನಮ್ಮ ನಾಡಿನ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಬೇಟೆಯ ಹಾಗೆಯೇ ಗಾಳ ಹಾಕಿ ಮೀನು ಹಿಡಿಯುವುದಕ್ಕೂ ಒಂದು ಪ್ರಕರಣವನ್ನು ಮೀಸಲಿಟ್ಟನು. ಹೊಳೆಯ ಮೀನು, ಕಡಲಿನ ಮೀನು, ಯಾವುದಕ್ಕೆ ಎಂಥ ಉಂಡೆ ಹಾಕಿ ಕೊಬ್ಬಿಸಬೇಕು, ಗಾಳದ ಕೋಲು ಮತ್ತು ದಾರ ಹೇಗಿರಬೇಕು ಎಂಬುದೆಲ್ಲ ಅದರಲ್ಲಿದೆ. ಆ ಪ್ರಕರಣವನ್ನು ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ ಅವರು 1951ರಲ್ಲಿ ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿ ಪ್ರಕಟಿಸಿದರು. ಪ್ರಕರಣದ ಹೆಸರು ‘ಮತ್ಸ್ಯವಿನೋದ’. ಶ್ರಾವಕಾಚಾರದಲ್ಲಿ ‘ವ್ಯಸನ’ವೆನಿಸಿದುದು ಅರಮನೆಯ ಗ್ರಂಥದಲ್ಲಿ ‘ವಿನೋದ’. ಕೊಬ್ಬಿಸಲು ಉಂಡೆ ಹಾಕುವ ಕೈಯೇ ಗಾಳವನ್ನೂ ಹಾಕುತ್ತದೆ; ಅರಸನಿಗೆ ಅದರಲ್ಲಿ ವಿರೋಧ ಕಾಣಲಿಲ್ಲ.

ವಿನೋದಕ್ಕೆ ಲೆಕ್ಕವಿಟ್ಟವರೂ ಇದ್ದಾರೆ. ಹೀರವಿಜಯ ಸೂರಿಗಳು 1583ರಲ್ಲಿ ಫತೇಪುರ ಸಿಕ್ರಿಗೆ ಹೋಗಿ ಅಕ್ಬರನಿಂದ ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆ ನಿಲ್ಲಿಸುವ ಫರ್ಮಾನು ಪಡೆದರು. ಅದೇ ಅಕ್ಬರನ ಮಗ ಜಹಾಂಗೀರನು ತನ್ನ ಹನ್ನೆರಡನೆಯ ವಯಸ್ಸಿನಿಂದ ಐವತ್ತರವರೆಗಿನ ಬೇಟೆಯ ಲೆಕ್ಕ ತೆಗೆಸಿದಾಗ ತನ್ನ ಸಮಕ್ಷಮದಲ್ಲಿ ಸತ್ತ ಪ್ರಾಣಿಪಕ್ಷಿಗಳು 28,532, ಅವುಗಳಲ್ಲಿ ತಾನೇ ಕೊಂದವು 17,167 ಎಂದು ಆತ್ಮಕಥೆಯಲ್ಲಿ ಬರೆಸಿದನು. ಕೃತ ಎಷ್ಟು, ಕಾರಿತ ಮತ್ತು ಅನುಮೋದಿತ ಎಷ್ಟು ಎಂದು ಕಲಮುಗಳನ್ನು ಬೇರೆ ಮಾಡಿಕೊಟ್ಟ ಗುಮಾಸ್ತರ ನಿಷ್ಠೆಗೆ ಮೆಚ್ಚಬೇಕು.

ನಮ್ಮ ಮೈಸೂರಿನಲ್ಲಿ ಇಂತಹ ಲೆಕ್ಕ ಅರಮನೆಯಲ್ಲಿ ಅಲ್ಲ, ಅಂಗಡಿಯಲ್ಲಿ ಉಳಿಯಿತು. ಸತ್ತ ಹುಲಿ ಚಿರತೆಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸಿಕೊಡುವ ವ್ಯಾನ್ ಇಂಗೆನ್ ಸಂಸ್ಥೆ 1900ರ ಸುಮಾರಿಗೆ ಮೈಸೂರಿನಲ್ಲಿ ಆರಂಭವಾಯಿತು. ಮಹಾರಾಜರು, ವೈಸರಾಯರು, ವಿದೇಶದ ಧನಿಕರು ಅವರ ಗಿರಾಕಿಗಳು. ಪ್ರತಿಯೊಂದು ಚರ್ಮಕ್ಕೂ ಪುಸ್ತಕದಲ್ಲಿ ನಮೂದು ಮಾಡುತ್ತಿದ್ದರು. ಆ ಪುಸ್ತಕಗಳ ಆಧಾರದಿಂದ, ಸಂಸ್ಥೆಯ ಜೀವಿತದಲ್ಲಿ ಅಲ್ಲಿಗೆ ಬಂದ ಹುಲಿ ಮತ್ತು ಚಿರತೆಗಳು 43,000ಕ್ಕೂ ಹೆಚ್ಚೆಂದು ಇಂಗ್ಲೆಂಡಿನ ಪ್ಯಾಟ್ ಮಾರಿಸ್ ಲೆಕ್ಕ ಹಾಕಿದ್ದಾರೆ. ಈ ಸಂಖ್ಯೆಯನ್ನು ಓದಿದ ದಿನ ನಾನು ಅದನ್ನು ಕಾಗದದ ಮೇಲೆ ಭಾಗಿಸಿ ನೋಡಿದೆ. ಎಪ್ಪತ್ತು ವರ್ಷಗಳ ಮೇಲೆ ಹಂಚಿದರೆ ವರ್ಷಕ್ಕೆ 600ಕ್ಕೂ ಮೇಲೆ. ಬಿಡುವಿಲ್ಲದೆ ದಿನಕ್ಕೆ ಒಂದೂವರೆಗೂ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಉದ್ಯಮಕ್ಕೆ ಬುಡವಿಲ್ಲದಂತಾಗಿ 1999ರಲ್ಲಿ ಸಂಸ್ಥೆ ಮುಚ್ಚಿತು. ಆ ಸೋದರರು ಯಾರನ್ನೂ ವಂಚಿಸಿದವರಲ್ಲ, ಕೆಲಸದಲ್ಲಿ ಕಲಾವಿದರು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ಹೇಳುವಾಗ ‘ದಂತವಾಣಿಜ್ಯ’ವೆಂದು ದಂತ, ಚರ್ಮ, ರೋಮಾದಿಗಳ ವ್ಯಾಪಾರವನ್ನು ಸೇರಿಸಿದುದು ಏಕೆಂಬುದು ನನಗೆ ಈ ಪುಸ್ತಕಗಳ ಸಂಖ್ಯೆಯಿಂದ ಸ್ಪಷ್ಟವಾಯಿತು. ವ್ಯಾಪಾರಿಯು ಕೋವಿ ಮುಟ್ಟಬೇಕಾಗಿಲ್ಲ. ಗೋಡೆಗೆ ತೂಗುಹಾಕಲು ತಲೆ ಸಿದ್ಧಮಾಡಿಕೊಡುವ ಅಂಗಡಿಯೊಂದು ಇದ್ದರೆ ಸಾಕು, ಕೋವಿ ತಾನಾಗಿ ಕಾಡಿಗೆ ಹೋಗುತ್ತದೆ.

ಕಾಕನಕೋಟೆಯ ಖೆಡ್ಡಾದ ವಿಷಯವಾಗಿ ಬೇಕಾದಷ್ಟು ಬರೆಹಗಳಿವೆ. 1873-74ರಲ್ಲಿ ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಆರಂಭಿಸಿದ ಆ ಪದ್ಧತಿ 1971ರ ಕಾಕನಕೋಟೆಯ ಕೊನೆಯ ಖೆಡ್ಡಾದೊಂದಿಗೆ ಮುಗಿಯಿತೆಂದಷ್ಟೆ ಹೇಳಿ ಮುಂದುವರಿಯುತ್ತೇನೆ.

ಮಾಗಡಿ ರಸ್ತೆಯ ಆಚೀಚೆ ಇರುವ ನಮ್ಮ ಬಡಾವಣೆಗಳ ಓದುಗರಿಗೆ ಕೆನೆತ್ ಆಂಡರ್ಸನ್ನರ ಹೆಸರು ಪರಿಚಿತ. 1910ರಿಂದ 1974ರವರೆಗೆ ಬಾಳಿದ, ಬೆಂಗಳೂರಿನವರೇ ಆದ ಆ ಬೇಟೆಗಾರನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಎಂಬ ಮಾಲೆಯಾಗಿ ಕನ್ನಡಕ್ಕೆ ತಂದರು. ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಹೆಸರುಗಳೇ ಸಾಕು, ನಮ್ಮ ಪಡುವಣ ಬೆಂಗಳೂರಿನ ಸುತ್ತ ಒಂದು ಕಾಲದಲ್ಲಿ ಏನಿತ್ತೆಂದು ತಿಳಿಯಲು. ಬೇಟೆಯ ಕಥೆಯನ್ನು ಸವಿಯುವುದು ಅನರ್ಥದಂಡದ ‘ದುಃಶ್ರುತಿ’ಯಾಗದೆ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಚಿತ್ತವನ್ನು ಕಲುಷಿತಗೊಳಿಸುವ ಕಥೆಯನ್ನು ಕೇಳುವುದು ದುಃಶ್ರುತಿ. ಆಂಡರ್ಸನ್ನರು ನರಭಕ್ಷಕವಾಗಿ ತಿರುಗಿದ ಪ್ರಾಣಿಯ ಬಾಯಲ್ಲೋ ಕಾಲಲ್ಲೋ ಹಿಂದಿನ ಯಾವನೋ ಷೋಕಿ ಬೇಟೆಗಾರನ ಗುಂಡಿನ ಗಾಯವನ್ನು ಮತ್ತೆ ಮತ್ತೆ ಗುರುತಿಸುತ್ತಾರೆ. ಕೊನೆಕೊನೆಗೆ ಕೋವಿಗಿಂತ ಕಾಡನ್ನು ಉಳಿಸುವ ಮಾತನ್ನೇ ಹೆಚ್ಚಾಗಿ ಆಡುತ್ತಾರೆ. ಓದಿ ಮುಗಿಸಿದ ಹುಡುಗನಿಗೆ ಕೋವಿ ಬೇಕೆನಿಸಿತೋ ಚಿರತೆಯ ಮೇಲೆ ಮರುಕ ಹುಟ್ಟಿತೋ ಎಂಬುದರ ಮೇಲೆ ಅದು ಶ್ರುತಿಯೋ ದುಃಶ್ರುತಿಯೋ ನಿರ್ಧಾರವಾಗುತ್ತದೆ ಎಂದು ಅವರಿಗೆ ಉತ್ತರಿಸಿದೆ. ಅವರು ಪೂರ್ಣವಾಗಿ ಒಪ್ಪಲಿಲ್ಲ.

ಚಿರತೆ ಇಂದಿಗೂ ನಮ್ಮ ನೆರೆಯವನೇ. 2022ರ ಡಿಸೆಂಬರಿನಲ್ಲಿ ಕೆಂಗೇರಿ, ತುರಹಳ್ಳಿ ಕಾಡಿನ ಅಂಚಿನಲ್ಲಿ ಚಿರತೆಗಳು ಕಾಣಿಸಿಕೊಂಡಾಗ ಸಂಜೆಯ ವಾಯುವಿಹಾರಿಗಳು ಬೀದಿ ಬಿಟ್ಟರು, ಬೋನುಗಳು ಬಂದವು. 2023ರ ನವೆಂಬರಿನಲ್ಲಿ ನಗರದ ಇನ್ನೊಂದು ದಿಕ್ಕಿನ ಕೂಡ್ಲು ಬಳಿ ಹೊಕ್ಕ ಚಿರತೆ, ಸೆರೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಿತು. ಅಲ್ಲಿ ಜೀವದ ಹಂಗು ತೊರೆದು ಮುಂದೆ ಹೋದ ಸಿಬ್ಬಂದಿಯದು ವಿರೋಧೀ ಎಂಬುದರಲ್ಲಿ ಸಂದೇಹವಿಲ್ಲ. ಮನೆಯೊಳಗೆ ಕುಳಿತು ದೂರದರ್ಶನದಲ್ಲಿ ಅದನ್ನು ನೋಡುತ್ತ ಇನ್ನೂ ಏಕೆ ಹೊಡೆಯಲಿಲ್ಲವೆಂದು ಕೇಳಿದವರದು ಯಾವ ವರ್ಗಕ್ಕೆ ಸೇರುತ್ತದೋ ಅವರವರೇ ನೋಡಿಕೊಳ್ಳಬೇಕು.

ಮೀನಿನ ಲೆಕ್ಕ ಉಳಿದಿದೆ. ವ್ಯಾನ್ ಇಂಗೆನ್ ಸೋದರರಲ್ಲಿ ಒಬ್ಬರಾದ ಡಿ ವೆಟ್ ಅವರು 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡು ತೂಕದ ಮಾಶೀರ್ ಮೀನನ್ನು ಗಾಳಕ್ಕೆ ಹಿಡಿದರು. ನಮ್ಮವರು ಬಿಳಿಮೀನೆಂದು ಕರೆಯುವ ಈ ಜಾತಿಯಲ್ಲಿ ಗಾಳದಿಂದ ಹಿಡಿದ ಅತಿ ದೊಡ್ಡ ಮೀನೆಂದು ಅದರ ಕೀರ್ತಿ. ಕಾವೇರಿ ಕಣಿವೆಯ ಈ ಗೂನುಬೆನ್ನಿನ ಮಾಶೀರನ್ನು ಶಾಸ್ತ್ರಜ್ಞರು 2018ರಲ್ಲಿ ಟಾರ್ ರೇಮಾದೇವಿ ಎಂಬ ಪ್ರಭೇದವೆಂದು ಗುರುತಿಸಿದರು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಅನೇಕ ವರ್ಷ ಮೀನನ್ನು ಹಿಡಿದು, ತೂಗಿ, ಚಿತ್ರ ತೆಗೆದುಕೊಂಡು ನೀರಿಗೇ ಬಿಡುವ ಪದ್ಧತಿಯಿತ್ತು. ಕೊಲ್ಲದ ಬೇಟೆಯೆಂದು ಅದನ್ನು ಹೊಗಳುತ್ತಿದ್ದರು. ಕಾವಲಿಗೆ ಜನವಿದ್ದುದರಿಂದ ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ದೂರವಿದ್ದರೆಂಬುದೂ ನಿಜ. ಆದರೂ ಪಂಚೇಂದ್ರಿಯ ಜೀವಿಯೊಂದರ ತುಟಿಗೆ ಮುಳ್ಳು ಚುಚ್ಚಿ ಅದು ಹೆಣಗುವುದನ್ನು ಸವಿಯುವುದನ್ನು ಅಹಿಂಸೆಯೆನ್ನಲು ನನ್ನ ಮನಸ್ಸು ಒಪ್ಪದು. ಶೃಂಗೇರಿಯ ತುಂಗೆಯಲ್ಲಿ ಅದೇ ಕುಲದ ಮೀನುಗಳಿಗೆ ಯಾತ್ರಿಕರು ಪುರಿ ಎಸೆಯುತ್ತಾರೆ. ಸೋಮೇಶ್ವರನಂತೆ ಉಂಡೆ ಹಾಕಿಯೂ ಗಾಳ ಹಾಕದವರು ಅವರು.

ಹೇಮಚಂದ್ರರ ಅದೇ ಹದಿನೈದರ ಪಟ್ಟಿಯಲ್ಲಿ ‘ಸರಃಶೋಷ’ ಎಂಬುದೊಂದಿದೆ. ಕೆರೆ ಕುಂಟೆಗಳನ್ನು ಬತ್ತಿಸುವ ಉದ್ಯೋಗ ಅದು. ಬಲೆ ಬೀಸದೆ, ಗಾಳ ಹಾಕದೆ, ಅಲ್ಲಿರುವ ಜೀವಗಳೆಲ್ಲ ಒಮ್ಮೆಗೇ ಸಾಯುತ್ತವೆ ಎಂಬುದು ನಿಷೇಧಕ್ಕೆ ಕಾರಣ. ಮೊದಲ ಸಲ ಓದಿದಾಗ ಇಂತಹ ಉದ್ಯೋಗವನ್ನು ಯಾರು ತಾನೆ ಮಾಡಿಯಾರು ಎನ್ನಿಸುತ್ತದೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ನಂಬಿರುವ ವೃಷಭಾವತಿಯು ನಾಯಂಡಹಳ್ಳಿ ದಾಟಿ ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯತ್ತ ಹರಿಯುವಾಗ ಮೂಗು ಮುಚ್ಚದೆ ಸೇತುವೆ ದಾಟಿದವರಿಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮೋರಿಗಳೂ ಪೀಣ್ಯದ ಕಾರ್ಖಾನೆಗಳ ನೀರೂ ಅದನ್ನು ಸೇರುತ್ತ ಬಂದಿವೆ. ಅವುಗಳಲ್ಲಿ ನನ್ನ ಮನೆಯ, ಅಂಗಡಿಯ ನೀರೂ ಸೇರಿದೆ. ಆ ಹೊಳೆಯಲ್ಲಿ ಮೀನು ಹಿಡಿಯುವವನನ್ನು ನಾನು ಕಂಡಿಲ್ಲ. ಅದು ಮುಂದೆ ಬೈರಮಂಗಲದ ಜಲಾಶಯಕ್ಕೆ ಇಳಿದು, ಅಲ್ಲಿಂದ ಅರ್ಕಾವತಿಯನ್ನು ಸೇರಿ, ಕನಕಪುರದ ಆಚೆ ಸಂಗಮದಲ್ಲಿ, ಬಿಳಿಮೀನಿನ ಕಾವೇರಿಯನ್ನು ಕೂಡುತ್ತದೆ.